ಮೇವಿನಲ್ಲಿ ಭಾರಲೋಹ: ಹಸುವಿಗೆ ಯಾವ ಪೂರಕ, ಯಾವ ಲೋಹಕ್ಕೆ, ಎಷ್ಟು ದಿನ?

ಮೇವಿನ ಪರೀಕ್ಷಾ ವರದಿ ಕೈಗೆ ಬಂದಿದೆ. ಸೀಸದ ಎದುರಿಗೋ ಕ್ಯಾಡ್ಮಿಯಂನ ಎದುರಿಗೋ ಇರುವ ಅಂಕಿ ಇರಬೇಕಾದ್ದಕ್ಕಿಂತ ಮೇಲಿದೆ. ಆಗ ಹೈನುಗಾರರು ಕೇಳುವ ಮೊದಲ ಪ್ರಶ್ನೆ: "ಹಿಂಡಿಗೆ ಏನು ಬೆರೆಸಿದರೆ ಇದು ಹಾಲಿಗೆ ಇಳಿಯುವುದಿಲ್ಲ?" ಇದಕ್ಕೆ ಹತ್ತಾರು ಉತ್ತರಗಳು ಚೀಲ ಕಟ್ಟಿಕೊಂಡು ಕಾದಿವೆ. ಬೆಂಟೊನೈಟ್, ಜಿಯೋಲೈಟ್, ಯೀಸ್ಟ್‌ನ ಕೋಶಭಿತ್ತಿ, ಹ್ಯೂಮಿಕ್ ಆಮ್ಲ, ಇದ್ದಿಲು, ಸತು, ಸೆಲೆನಿಯಂ, ವಿಟಮಿನ್ ಇ, ಬೆಳ್ಳುಳ್ಳಿ ಪುಡಿ. ಹೆಚ್ಚಿನ ಚೀಲಗಳ ಮೇಲೆ "ಭಾರಲೋಹ ನಿವಾರಕ" ಎಂಬ ಒಂದೇ ಮಾತು ಇರುತ್ತದೆ. ಆ ಮಾತೇ ನನಗೆ ಒಪ್ಪಿಗೆಯಿಲ್ಲ. ಸೀಸದ ಸ್ವಭಾವ ಬೇರೆ, ಆರ್ಸೆನಿಕ್‌ನ ಸ್ವಭಾವ ಬೇರೆ. ಒಂದನ್ನು ಹಿಡಿಯುವ ವಸ್ತು ಇನ್ನೊಂದನ್ನು ಮುಟ್ಟದೆಯೂ ಇರಬಹುದು. ಯಾವ ಲೋಹ ಎಂದು ತಿಳಿಯದೆ ಪೂರಕ ಕೊಂಡರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದಂತಾಗುತ್ತದೆ.

ಹಾಗಾಗಿ ಚೀಲಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುತ್ತೇನೆ. ಅದಕ್ಕೂ ಮೊದಲು ಎರಡು ವಿಷಯ ಹೇಳಲೇಬೇಕು.

ಪೂರಕದ ಕಾಲ ಮೀರಿದ ಪ್ರಾಣಿ

ಒಮ್ಮೆ ನಾಲ್ಕು ತಿಂಗಳ ಕರುವೊಂದನ್ನು ನೋಡಲು ಹೋಗಿದ್ದೆ. ಅದು ಗೋಡೆಗೆ ಹಣೆಯೊತ್ತಿ ನಿಂತಿತ್ತು. ಕಣ್ಣು ತೆರೆದೇ ಇತ್ತು, ಆದರೆ ಮುಖದ ಮುಂದೆ ಕೈಯಾಡಿಸಿದರೆ ರೆಪ್ಪೆ ಮಿಟುಕಲಿಲ್ಲ. ಹಲ್ಲು ಕಡಿಯುವ ಸದ್ದು ಕೊಟ್ಟಿಗೆಯ ಬಾಗಿಲಿಗೇ ಕೇಳಿಸುತ್ತಿತ್ತು. ಕಿವಿ, ಮೂತಿ ಅದುರುತ್ತಿದ್ದವು. ಹಿತ್ತಲಿನಲ್ಲಿ ಒಡೆದ ಹಳೆಯ ಬ್ಯಾಟರಿ ಬಿದ್ದಿತ್ತು. ಅದರ ಒಳಗಿನ ಬೂದು ಫಲಕಗಳಲ್ಲಿ ಕರು ನೆಕ್ಕಿದ ಜಾಗ ಮಾತ್ರ ಒರೆಸಿಟ್ಟಂತೆ ಹೊಳೆಯುತ್ತಿತ್ತು. ಮನೆಯವರು ಎರಡು ದಿನದಿಂದ ಬೆಂಟೊನೈಟ್ ಕಲಸಿ ಕುಡಿಸುತ್ತಿದ್ದರು. ಅವರ ಕಾಳಜಿಯಲ್ಲಿ ಕೊರತೆಯಿರಲಿಲ್ಲ. ಆದರೆ ಆ ಎರಡು ದಿನ ಮತ್ತೆ ಸಿಗುವಂಥದ್ದಾಗಿರಲಿಲ್ಲ.

ಸೀಸದ ಚೂರುಗಳು ಭಾರವಾಗಿರುವುದರಿಂದ ಜೇನುಗೂಡಿನಂಥ ಒಳಮೈಯುಳ್ಳ ಎರಡನೆಯ ಹೊಟ್ಟೆಯಲ್ಲಿ ಕೂತುಬಿಡುತ್ತವೆ ಮತ್ತು ದಿನದಿನವೂ ಸ್ವಲ್ಪ ಸ್ವಲ್ಪ ಕರಗುತ್ತಾ ಹೋಗುತ್ತವೆ. ಕುರುಡು, ಸೆಳವು, ತಲೆ ಒತ್ತಿ ನಿಲ್ಲುವುದು, ಹಲ್ಲು ಕಡಿಯುವುದು, ರಕ್ತಭೇದಿ, ಇವುಗಳಲ್ಲಿ ಯಾವುದು ಕಂಡರೂ ಪೂರಕದ ಮಾತು ಬಿಟ್ಟು ಪಶುವೈದ್ಯರನ್ನು ಕರೆಯಬೇಕು. ರಕ್ತದಲ್ಲಿರುವ ಸೀಸವನ್ನು ಹಿಡಿದು ಹೊರಹಾಕಲು ರಕ್ತನಾಳದ ಮೂಲಕ ಕ್ಯಾಲ್ಸಿಯಂ ಡೈಸೋಡಿಯಂ ಇಡಿಟಿಎ, ಚುಚ್ಚುಮದ್ದಾಗಿ ಥಯಾಮಿನ್ (ವಿಟಮಿನ್ ಬಿ1), ಹೊಟ್ಟೆಯಲ್ಲಿರುವ ಸೀಸವನ್ನು ಕರಗದ ಸಲ್ಫೇಟ್ ಆಗಿಸಲು ಬಾಯಿಯ ಮೂಲಕ ಮೆಗ್ನೀಷಿಯಂ ಸಲ್ಫೇಟ್, ಕೆಲವೊಮ್ಮೆ ಹೊಟ್ಟೆ ತೆರೆದು ಚೂರುಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆ, ಇವೆಲ್ಲ ವೈದ್ಯರ ಕೈಯಲ್ಲಿರಬೇಕಾದ ಕೆಲಸಗಳು. ಇಡಿಟಿಎಯನ್ನು ಯಾರಾದರೂ ಮೇವಿನ ಪೂರಕವಾಗಿ ಮಾರಲು ಬಂದರೆ ಕೊಳ್ಳಬೇಡಿ. ಕರುಳಿನಲ್ಲಿ ಸೀಸ ಇನ್ನೂ ಉಳಿದಿರುವಾಗ ಅದನ್ನು ಬಾಯಿಯ ಮೂಲಕ ಕೊಟ್ಟರೆ ಸೀಸ ಕರಗಿ ದೇಹ ಸೇರುವುದು ಹೆಚ್ಚುವ ಅಪಾಯವಿದೆ.

ಈ ಬರಹ ಉದ್ದೇಶಿಸಿರುವುದು ಬೇರೆ ಸ್ಥಿತಿಯನ್ನು. ಹಸು ಮೇಯುತ್ತಿದೆ, ಮೆಲುಕು ಹಾಕುತ್ತಿದೆ, ನೋಟಕ್ಕೆ ಚೆನ್ನಾಗಿದೆ, ಆದರೆ ಮೇವಿನಲ್ಲೋ ನೀರಿನಲ್ಲೋ ಲೋಹ ಸ್ವಲ್ಪ ಸ್ವಲ್ಪವಾಗಿ ಒಳಗೆ ಹೋಗುತ್ತಿದೆ.

ಹಸುವಿನ ಹೊಟ್ಟೆ ತಾನೇ ಒಂದು ತಡೆ

ದೊಡ್ಡ ಹಸು ತಿಂದ ಸೀಸದಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ ಸುಮಾರು ಒಂದರಿಂದ ಮೂರು ಪಾಲು. ಕ್ಯಾಡ್ಮಿಯಂ ಇನ್ನೂ ಕಡಿಮೆ, ನೂರಕ್ಕೆ ಒಂದು ಪಾಲಿನ ಆಸುಪಾಸು. ಮೊದಲ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ ಸೂಕ್ಷ್ಮಜೀವಿಗಳು ಗಂಧಕದಿಂದ ಸಲ್ಫೈಡ್ ತಯಾರಿಸುತ್ತವೆ. ಅದು ಸೀಸವನ್ನೂ ಕ್ಯಾಡ್ಮಿಯಂ ಅನ್ನೂ ಕರಗದ ರೂಪಕ್ಕೆ ತರುತ್ತದೆ. ನಾರು, ಸೂಕ್ಷ್ಮಜೀವಿಗಳ ಕೋಶಗಳು, ರಂಜಕ ಎಲ್ಲವೂ ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತವೆ. ಸಗಣಿಯಲ್ಲೇ ಬಹುಪಾಲು ಹೊರಗೆ ಹೋಗುತ್ತದೆ.

ಹಾಲು ಕುಡಿಯುವ ಕರುವಿನ ವಿಷಯ ಬೇರೆ. ಅದು ಕುಡಿದ ಹಾಲು ರೂಮೆನ್ನನ್ನು ದಾಟಿ ನೇರವಾಗಿ ನಾಲ್ಕನೆಯ ಹೊಟ್ಟೆಗೆ ಇಳಿಯುತ್ತದೆ, ಹಾಗಾಗಿ ಈ ತಡೆ ಅದಕ್ಕಿಲ್ಲ. ಎಳೆಯ ಪ್ರಾಣಿಗಳಲ್ಲಿ ಹೀರಿಕೆ ನೂರಕ್ಕೆ ಐವತ್ತರವರೆಗೂ ಏರಬಲ್ಲದು. ಹಾಲಿನ ಆಹಾರವೇ ಸೀಸದ ಹೀರಿಕೆಯನ್ನು ಹೆಚ್ಚಿಸುತ್ತದೆ. ಕಬ್ಬಿಣದ ಕೊರತೆಯಿದ್ದರೆ ಇನ್ನೂ ಹೆಚ್ಚು, ಏಕೆಂದರೆ ಕರುಳು ಕಬ್ಬಿಣಕ್ಕೆಂದು ತೆರೆದಿಟ್ಟ ದ್ವಾರದಲ್ಲೇ ಸೀಸವೂ ಕ್ಯಾಡ್ಮಿಯಂ ಕೂಡ ನುಸುಳುತ್ತವೆ. ಒಂದೇ ಕೊಟ್ಟಿಗೆಯಲ್ಲಿ ತಾಯಿಗೆ ಸರಿಹೋಗುವ ಪೂರಕ ಕರುವಿಗೆ ಸಾಲದಿರುವುದು ಇದೇ ಕಾರಣಕ್ಕೆ. ಕರುಗಳಿಗೆ ನಾನು ಯಾವ ಪೂರಕವನ್ನೂ ನೆಚ್ಚುವುದಿಲ್ಲ. ಅವುಗಳಿಗೆ ಮೇವು, ನೀರು, ನೆಕ್ಕಲು ಸಿಗುವ ಜಾಗ ಮೂರೂ ಶುದ್ಧವಾಗಿರಲೇಬೇಕು.

ಜೇಡಿಮಣ್ಣುಗಳು: ಬೆಂಟೊನೈಟ್ ಮತ್ತು ಕ್ಲಿನೊಪ್ಟಿಲೊಲೈಟ್

ಹೆಚ್ಚು ಮಾರಾಟವಾಗುವುದು ಇವೇ, ಹೆಚ್ಚು ತಪ್ಪು ತಿಳಿವಳಿಕೆಯೂ ಇವುಗಳ ಬಗ್ಗೆಯೇ.

ಒಂದು ಚಮಚ ಬೆಂಟೊನೈಟ್ ಅಂಗೈಗೆ ಹಾಕಿಕೊಂಡು ಎರಡು ಹನಿ ನೀರು ಬಿಟ್ಟು ತಿಕ್ಕಿ ನೋಡಿ. ಸಾಬೂನಿನಂತೆ ಜಾರುತ್ತದೆ, ಊದಿಕೊಳ್ಳುತ್ತದೆ. ಅದರೊಳಗಿನ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಇದು ಕಾಗದದ ಕಂತೆಯಂತೆ ಪದರಪದರವಾಗಿದ್ದು, ಪದರಗಳ ಮೈಮೇಲೆ ಋಣ ಆವೇಶವಿದೆ. ಧನ ಆವೇಶದ ಸೀಸ, ಕ್ಯಾಡ್ಮಿಯಂ ಅಲ್ಲಿಗೆ ಬಂದು ಅಂಟುತ್ತವೆ. ಕ್ಲಿನೊಪ್ಟಿಲೊಲೈಟ್ ಎಂಬ ನೈಸರ್ಗಿಕ ಜಿಯೋಲೈಟ್ ಊದುವುದಿಲ್ಲ. ಅದು ಗಟ್ಟಿಯಾದ ಪಂಜರದಂತಿದ್ದು, ಒಳಗಿನ ಸುರಂಗಗಳಲ್ಲಿ ಅಯಾನುಗಳನ್ನು, ಅಂದರೆ ಆವೇಶವಿರುವ ಕಣಗಳನ್ನು ಹಿಡಿದಿಡುತ್ತದೆ.

ಈಗ ಚೀಲದ ಮೇಲಿನ ಲೆಕ್ಕವನ್ನು ನಾವೇ ಮಾಡಿ ನೋಡೋಣ. ಒಂದು ಹಸು ದಿನಕ್ಕೆ 12 ಕಿಲೋ ಒಣ ಆಹಾರ ತಿನ್ನುತ್ತದೆ ಎಂದುಕೊಳ್ಳಿ. ಅದಕ್ಕೆ ನೂರಕ್ಕೆ ಒಂದರಂತೆ 120 ಗ್ರಾಂ ಬೆಂಟೊನೈಟ್ ಬೆರೆಸಿದ್ದೀರಿ. ಒಳ್ಳೆಯ ಬೆಂಟೊನೈಟ್ ಪ್ರತಿ 100 ಗ್ರಾಂಗೆ ಸುಮಾರು 80 ಮಿಲಿಈಕ್ವಿವಲೆಂಟ್ (ಆವೇಶವನ್ನು ಎಣಿಸುವ ಮಾನ) ಧನ ಅಯಾನುಗಳನ್ನು ಹಿಡಿಯುತ್ತದೆ. ಕಾಗದದ ಮೇಲೆ ಈ 120 ಗ್ರಾಂ ಜೇಡಿ ಹತ್ತು ಗ್ರಾಂನಷ್ಟು ಸೀಸವನ್ನು ಹಿಡಿಯಬಹುದು. ಹಸು ತಿನ್ನುತ್ತಿರುವ ಸೀಸ ದಿನಕ್ಕೆ 50 ಮಿಲಿಗ್ರಾಂ ಎಂದರೂ ಜಾಗ 200 ಪಟ್ಟು ಇದೆ. ಕೇಳುವುದಕ್ಕೆ ನೆಮ್ಮದಿಯಾಗಿದೆ.

ಆದರೆ ಅದೇ 12 ಕಿಲೋ ಆಹಾರದಲ್ಲಿ ಸುಮಾರು 70 ಗ್ರಾಂ ಕ್ಯಾಲ್ಸಿಯಂ, 180 ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಇವೂ ಧನ ಅಯಾನುಗಳೇ. ಈ ಎರಡೇ ಕೇಳುವ ಜಾಗ ಜೇಡಿಯಲ್ಲಿರುವ ಜಾಗಕ್ಕಿಂತ 80 ಪಟ್ಟಿಗೂ ಹೆಚ್ಚು. ಇದರ ಮೇಲೆ ದಿನಕ್ಕೆ ನೂರು ಲೀಟರಿಗೂ ಮೀರಿ ಸುರಿಯುವ ಜೊಲ್ಲಿನ ಸೋಡಿಯಂ ಇದೆ, ರೂಮೆನ್‌ನಲ್ಲಿ ಸದಾ ತುಂಬಿರುವ ಅಮೋನಿಯಂ ಇದೆ. ಒಂದು ಬಸ್ಸಿನ ಸೀಟುಗಳಿಗೆ 80 ಬಸ್ಸಿನ ಜನ ಕಾದು ನಿಂತ ಹಾಗೆ. ಸೀಸಕ್ಕೆ ಈ ನೂಕುನುಗ್ಗಲಿನಲ್ಲಿ ಸ್ವಲ್ಪ ಆದ್ಯತೆ ಇದೆ, ನಿಜ. ಎರಡೂ ಖನಿಜಗಳು ಕ್ಯಾಲ್ಸಿಯಂಗಿಂತ ಸೀಸವನ್ನು ಬಿಗಿಯಾಗಿ ಹಿಡಿಯುತ್ತವೆ. ಕ್ಯಾಡ್ಮಿಯಂಗೆ ಆ ಆದ್ಯತೆ ಕಡಿಮೆ. ಕ್ಲಿನೊಪ್ಟಿಲೊಲೈಟ್‌ಗಂತೂ ಅಮೋನಿಯಂ ಬಹಳ ಪ್ರಿಯ.

ಅಲ್ಲಿಂದ ಮುಂದೆ ನಾಲ್ಕನೆಯ ಹೊಟ್ಟೆ. ರೂಮೆನ್‌ನ ಪಿಹೆಚ್ (ಆಮ್ಲತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಆರು, ಆರೂವರೆಯ ಆಸುಪಾಸಿನಲ್ಲಿದ್ದರೆ ಇಲ್ಲಿ ಎರಡು, ಮೂರಕ್ಕೆ ಕುಸಿಯುತ್ತದೆ. ಆಮ್ಲದ ಹೈಡ್ರೋಜನ್ ಅಯಾನುಗಳು ನುಗ್ಗಿ, ಹಿಡಿದಿಟ್ಟ ಲೋಹದಲ್ಲಿ ಒಂದು ಪಾಲನ್ನು ಹೊರಗೆ ತಳ್ಳುತ್ತವೆ. ಅದಾದ ಮೇಲೆ ಸಿಗುವುದು ಹೀರಿಕೆ ನಡೆಯುವ ಸಣ್ಣ ಕರುಳು. ಅಲ್ಲಿ ಪಿಹೆಚ್ ಮತ್ತೆ ಏರಿದಂತೆ ಜೇಡಿ ಮತ್ತೆ ಹಿಡಿಯಬಹುದು, ಎಷ್ಟು ಎನ್ನುವುದು ಜೇಡಿಯಿಂದ ಜೇಡಿಗೆ ಬದಲಾಗುತ್ತದೆ. ಬೀಕರ್‌ನಲ್ಲಿ ಶುದ್ಧ ನೀರಿನಲ್ಲಿ ಕಂಡ ಸಾಧನೆ ಹಸುವಿನಲ್ಲಿ ಸಾಧಾರಣವಾಗಿ ಕಾಣುವುದು ಇದರಿಂದಲೇ.

ಹಾಗಾದರೆ ಬೇಡವೇ? ಸೀಸದ ವಿಷಯದಲ್ಲಿ, ದೊಡ್ಡ ಹಸುವಿಗೆ, ಮೇವು ಬದಲಿಸುವವರೆಗಿನ ಕೆಲವು ವಾರಗಳ ಮಟ್ಟಿಗೆ ಬೆಂಟೊನೈಟ್ ಕೊಡುವುದಕ್ಕೆ ನನ್ನ ತಕರಾರಿಲ್ಲ. ಮಿತಿ ಮಾತ್ರ ಗೊತ್ತಿರಲಿ. ಐರೋಪ್ಯ ಒಕ್ಕೂಟದಲ್ಲಿ ಪೂರ್ಣ ಆಹಾರದ ಕಿಲೋಗೆ ಬೆಂಟೊನೈಟ್ 20 ಗ್ರಾಂ, ಕ್ಲಿನೊಪ್ಟಿಲೊಲೈಟ್ 10 ಗ್ರಾಂ ಗರಿಷ್ಠ. ಇನ್ನೊಂದು ಮಾತು: ಅಲ್ಲಿ ಹಸುಗಳಿಗೆ ವಿಷ ತಡೆಯುವ ವಸ್ತುವಾಗಿ ಬೆಂಟೊನೈಟ್ ಅನುಮತಿ ಪಡೆದಿರುವುದು ಶಿಲೀಂಧ್ರ ವಿಷವಾದ ಅಫ್ಲಾಟಾಕ್ಸಿನ್ ಬಿ1ರ ವಿರುದ್ಧ. ಅಫ್ಲಾಟಾಕ್ಸಿನ್‌ನಲ್ಲಿ ಗಳಿಸಿದ ಹೆಸರನ್ನು ಲೋಹಕ್ಕೂ ಹೊಂದಿಸಿ ಮಾರುವವರಿದ್ದಾರೆ. ಎರಡೂ ಬೇರೆ ಬೇರೆ ಕೆಲಸ.

ಜೇಡಿ ಕುರುಡಾಗಿ ಹಿಡಿಯುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಕೃತಕವಾಗಿ ತಯಾರಿಸುವ ಜಿಯೋಲೈಟ್ ಎ. ಕರು ಹಾಕುವ ಮೊದಲಿನ ಎರಡು ಮೂರು ವಾರ ಹಸುವಿಗೆ ದಿನಕ್ಕೆ ಅರ್ಧ ಕಿಲೋನಷ್ಟು ಇದನ್ನು ಕೊಡುವುದುಂಟು. ಕರುಳಿನಲ್ಲಿ ಕ್ಯಾಲ್ಸಿಯಂ ಹಿಡಿದಿಟ್ಟು, ಹಾಲುಜ್ವರದ (ಕರು ಹಾಕಿದಾಗ ರಕ್ತದ ಕ್ಯಾಲ್ಸಿಯಂ ಕುಸಿಯುವ ರೋಗ) ವಿರುದ್ಧ ದೇಹವನ್ನು ಮುಂಚಿತವಾಗಿ ಎಚ್ಚರಿಸುವುದೇ ಇದರ ಉದ್ದೇಶ. ಇದೇ ವಸ್ತುವನ್ನು "ಲೋಹ ಹಿಡಿಯುತ್ತದಲ್ಲ" ಎಂದು ಹಾಲು ಕೊಡುವ ಹಸುವಿಗೆ ತಿಂಗಳುಗಟ್ಟಲೆ ಹಾಕಿದರೆ ಕ್ಯಾಲ್ಸಿಯಂ, ರಂಜಕ ಎರಡೂ ಕೈತಪ್ಪುತ್ತವೆ. ಬಾಯಿಯ ಮೂಲಕ ಮ್ಯಾಕ್ರೋಲೈಡ್ ಗುಂಪಿನ ಆ್ಯಂಟಿಬಯೋಟಿಕ್ ನಡೆಯುತ್ತಿರುವಾಗಲೂ ಬೆಂಟೊನೈಟ್ ನಿಲ್ಲಿಸಬೇಕು, ಇಲ್ಲವಾದರೆ ಅದು ಔಷಧವನ್ನೇ ಹಿಡಿದುಬಿಡುತ್ತದೆ.

ಎದುರಾಳಿ ಖನಿಜಗಳು: ಕ್ಯಾಲ್ಸಿಯಂ, ಸತು, ಕಬ್ಬಿಣ, ಸೆಲೆನಿಯಂ

ನನ್ನ ಮೊದಲ ಆಯ್ಕೆ ಇಲ್ಲಿದೆ. ವಿಷಲೋಹವನ್ನು ಹಿಡಿಯುವ ಬದಲು, ಅದು ಕದ್ದು ಪ್ರವೇಶಿಸುವ ದ್ವಾರದಲ್ಲಿ ನ್ಯಾಯವಾಗಿ ಬರಬೇಕಾದವರನ್ನು ನಿಲ್ಲಿಸುವ ವಿಧಾನ ಇದು.

ಸೀಸವನ್ನು ದೇಹ ಬಹುಮಟ್ಟಿಗೆ ಕ್ಯಾಲ್ಸಿಯಂನಂತೆ ನಡೆಸಿಕೊಳ್ಳುತ್ತದೆ. ಸೀಸ ಕರುಳಿನಲ್ಲಿ ಕ್ಯಾಲ್ಸಿಯಂ ಜೊತೆ ಸ್ಪರ್ಧಿಸುತ್ತದೆ, ಕೊನೆಗೆ ಮೂಳೆಯಲ್ಲಿ ಹೋಗಿ ಕೂರುತ್ತದೆ. ಹಸು ಗಬ್ಬ ಕಟ್ಟಿ, ಕರು ಹಾಕಿ, ಹಾಲು ತುಂಬಿ ಕರೆಯುವಾಗ ಮೂಳೆಯಿಂದ ಕ್ಯಾಲ್ಸಿಯಂ ಹೊರಬರುತ್ತದೆ. ಜೊತೆಗೆ ವರ್ಷಗಳ ಹಿಂದಿನ ಸೀಸವೂ ಬರುತ್ತದೆ. ಮೇವು ಶುದ್ಧವಾದ ಮೇಲೂ ಹಾಲಿನಲ್ಲಿ ಸೀಸ ಕಾಣುವುದಕ್ಕೆ ಇದೂ ಒಂದು ಕಾರಣ. ಆಹಾರದಲ್ಲಿ ಕ್ಯಾಲ್ಸಿಯಂ, ರಂಜಕ ಎರಡೂ ಕೊರತೆಯಿಲ್ಲದಂತೆ ನೋಡಿಕೊಂಡರೆ ಒಳಗೆ ಹೋಗುವುದೂ ಕಡಿಮೆ, ಮೂಳೆಯಿಂದ ಹೊರಬರುವುದೂ ಕಡಿಮೆ. ಹಾಲು ಕೊಡುವ ಹಸುವಿನ ಒಣ ಆಹಾರದಲ್ಲಿ ಕ್ಯಾಲ್ಸಿಯಂ ನೂರಕ್ಕೆ 0.6ರಿಂದ 0.7 ಇರಬೇಕು. ಈ ಪಾಲು ತುಂಬಿದ ಮೇಲೆ ಇನ್ನಷ್ಟು ಸುರಿದರೆ ಹೆಚ್ಚಿನ ಲಾಭವಿಲ್ಲ, ಸತುವಿನ ಹೀರಿಕೆಗೆ ತೊಂದರೆಯಾಗುತ್ತದೆ. ಗಬ್ಬದ ಕೊನೆಯ ಮೂರು ವಾರಗಳಲ್ಲಂತೂ ಕ್ಯಾಲ್ಸಿಯಂ ಲೆಕ್ಕ ಬೇರೆಯೇ ಆಗಿರುವುದರಿಂದ ವೈದ್ಯರನ್ನು ಕೇಳಿಯೇ ಕೊಡಬೇಕು.

ಕ್ಯಾಡ್ಮಿಯಂಗೆ ಎದುರಾಳಿ ಸತು. ಅದಿರಿನಲ್ಲೂ ಇವೆರಡು ಒಟ್ಟಿಗೇ ಸಿಗುತ್ತವೆ, ದೇಹದಲ್ಲೂ ಒಂದರ ಜಾಗಕ್ಕೆ ಇನ್ನೊಂದು ಕೈ ಹಾಕುತ್ತದೆ. ಸತು ಸಾಕಷ್ಟಿದ್ದರೆ ಕರುಳಿನ ಕೋಶಗಳು ಮೆಟಲೊಥಯೊನೀನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತವೆ. ಅದು ಕ್ಯಾಡ್ಮಿಯಂ ಅನ್ನು ಹಿಡಿದುಕೊಳ್ಳುತ್ತದೆ. ಕರುಳಿನ ಕೋಶಗಳು ಕೆಲವೇ ದಿನಗಳಲ್ಲಿ ಉದುರಿ ಸಗಣಿ ಸೇರುವುದರಿಂದ ಹಿಡಿದದ್ದೂ ಅವುಗಳ ಜೊತೆಗೇ ಹೊರಗೆ ಹೋಗುತ್ತದೆ. ಜೇಡಿಯ ಚೀಲಕ್ಕಿಂತ ಈ ಏರ್ಪಾಡು ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಒಂದೇ ಎಚ್ಚರಿಕೆ ತಾಮ್ರದ್ದು. ಕ್ಯಾಡ್ಮಿಯಂ ಮೊದಲೇ ತಾಮ್ರವನ್ನು ಕೆಡಿಸುತ್ತದೆ, ಅತಿಯಾದ ಸತುವೂ ಅದನ್ನೇ ಮಾಡುತ್ತದೆ. ಕಪ್ಪು ಹಸುವಿನ ಮೈ ಕೆಂಚಾಗಿ, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಕೂದಲು ಬಿಳಚಿಕೊಂಡರೆ ತಾಮ್ರ ಇಳಿದಿದೆ ಎಂದು ಅನುಮಾನಿಸಬೇಕು. ಸತು ತಾಮ್ರದ ನಾಲ್ಕೈದು ಪಟ್ಟು ಇರುವ ಖನಿಜ ಮಿಶ್ರಣ ಸಾಮಾನ್ಯವಾಗಿ ಸುರಕ್ಷಿತ. ಅದೇ ಮಿಶ್ರಣವನ್ನು ಕುರಿಗಳಿಗೆ ಮಾತ್ರ ಹಾಕಬೇಡಿ, ಹಸುವಿಗೆ ಸರಿಯಾದ ತಾಮ್ರ ಕುರಿಗೆ ವಿಷವಾಗಬಹುದು.

ಪಾದರಸಕ್ಕೆ ಸೆಲೆನಿಯಂ. ಸೆಲೆನಿಯಂನ ಲವಣವಾದ ಸೆಲೆನೈಟ್ ಇಲಿಗಳನ್ನು ಪಾದರಸದ ವಿಷದಿಂದ ಕಾಯುತ್ತದೆ ಎಂಬುದು 1967ರಷ್ಟು ಹಿಂದೆಯೇ ಕಂಡುಬಂದ ಸಂಗತಿ. ಇವೆರಡೂ ಸೇರಿ ದೇಹದಲ್ಲಿ ಜಡವಾದ ಸಂಯುಕ್ತವಾಗುತ್ತವೆ. ಜಡವಾಯಿತು ಎಂದರೆ ಹೊರಗೆ ಹೋಯಿತು ಎಂದಲ್ಲ, ಅದು ಅಂಗಾಂಗಗಳಲ್ಲೇ ಉಳಿಯಬಹುದು. ಜೊತೆಗೆ ಸೆಲೆನಿಯಂನ ದಾರಿ ಬಹಳ ಕಿರಿದು. ಹಸುವಿಗೆ ಬೇಕಾದದ್ದು ಒಣ ಆಹಾರದ ಕಿಲೋಗೆ 0.3 ಮಿಲಿಗ್ರಾಂ, ಕಿಲೋಗೆ 5 ಮಿಲಿಗ್ರಾಂನಷ್ಟಾದರೆ ಅದೇ ವಿಷ. ಐರೋಪ್ಯ ಒಕ್ಕೂಟ ಒಟ್ಟು ಮಿತಿಯನ್ನು ಕಿಲೋಗೆ 0.5 ಮಿಲಿಗ್ರಾಂಗೆ ನಿಲ್ಲಿಸಿದೆ. 12 ಕಿಲೋ ತಿನ್ನುವ ಹಸುವಿಗೆ ದಿನಕ್ಕೆ ಬೇಕಾದ ಸೆಲೆನಿಯಂ ನಾಲ್ಕು ಮಿಲಿಗ್ರಾಂಗೂ ಕಡಿಮೆ. ಅಂಗೈಯಲ್ಲಿಟ್ಟರೆ ಕಣ್ಣಿಗೆ ಬಿದ್ದೂ ಬೀಳದಷ್ಟು. ಇದನ್ನು ಬಿಡಿಯಾಗಿ ತಂದು ಗೋದಲಿಯಲ್ಲಿ ಕೈಯಿಂದ ಬೆರೆಸುವ ಸಾಹಸ ಎಂದಿಗೂ ಬೇಡ. ಕಾರ್ಖಾನೆಯಲ್ಲೇ ಸಮವಾಗಿ ಬೆರೆತು ಬಂದ ಮಿಶ್ರಣವನ್ನಷ್ಟೇ ಬಳಸಬೇಕು.

ಗಂಧಕವನ್ನೂ ಕೆಲವರು ಸೂಚಿಸುತ್ತಾರೆ, ರೂಮೆನ್‌ನ ಸಲ್ಫೈಡ್ ನೆನಪಿಸಿಕೊಂಡು. ಕೊರತೆಯಿದ್ದರೆ ತುಂಬಬಹುದು. ಹೆಚ್ಚಾದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಮೆದುಳಿಗೆ ಹಾನಿ ಮಾಡುತ್ತದೆ. ಆಗ ಹಸು ಕುರುಡಾಗಿ ತಲೆ ಒತ್ತಿ ನಿಲ್ಲುವ ರೀತಿ ಸೀಸದ ವಿಷದಂತೆಯೇ ಕಾಣುತ್ತದೆ. ಒಂದರಿಂದ ತಪ್ಪಿಸಲು ಹೋಗಿ ಇನ್ನೊಂದನ್ನು ತಂದುಕೊಳ್ಳುವ ದಾರಿ ಇದು, ನಾನಂತೂ ಸೂಚಿಸುವುದಿಲ್ಲ.

ಉಳಿದ ಚೀಲಗಳು, ಬೇಗ ಬೇಗ

ಯೀಸ್ಟ್‌ನ ಕೋಶಭಿತ್ತಿಯಲ್ಲಿರುವ ಗ್ಲೂಕಾನ್, ಮನ್ನಾನ್‌ಗಳು ಲೋಹಗಳನ್ನು ಹಿಡಿಯುತ್ತವೆ ಎಂಬುದು ನಿಜ. ಆದರೆ ಹೆಚ್ಚಿನ ಪುರಾವೆ ಪ್ರಯೋಗಾಲಯದ ಪಾತ್ರೆಯಿಂದ ಬಂದದ್ದು. ರೂಮೆನ್‌ಗೆ ಯೀಸ್ಟ್ ಬೇರೆ ರೀತಿಯಲ್ಲಿ ಉಪಕಾರಿ, ಆ ಕಾರಣಕ್ಕೆ ಕೊಡುತ್ತಿದ್ದರೆ ಮುಂದುವರಿಸಿ. ಲೋಹಕ್ಕೆಂದೇ ಕೊಳ್ಳುವಷ್ಟು ಭರವಸೆ ನನಗಿಲ್ಲ.

ಹಣ್ಣಿನ ಸಿಪ್ಪೆಯಲ್ಲಿರುವ ಪೆಕ್ಟಿನ್, ಕಡಲಕಳೆಯಲ್ಲಿರುವ ಆಲ್ಜಿನೇಟ್‌ಗಳನ್ನು ಹೊಗಳುವ ಬರಹಗಳು ಬಹಳ ಸಿಗುತ್ತವೆ. ಅವು ಬಹುಪಾಲು ಒಂದೇ ಹೊಟ್ಟೆಯ ಪ್ರಾಣಿಗಳ ಮಾತು. ಹಸುವಿನ ರೂಮೆನ್‌ನಲ್ಲಿ ಸೂಕ್ಷ್ಮಜೀವಿಗಳು ಪೆಕ್ಟಿನ್ ಅನ್ನು ಕೆಲವೇ ಗಂಟೆಗಳಲ್ಲಿ ತಿಂದು ಮುಗಿಸುತ್ತವೆ. ಹಿಡಿಯಬೇಕಾದ ಕೈಯೇ ಕರುಳು ತಲುಪುವ ಮೊದಲು ಮಾಯ. ವಿಟಮಿನ್ ಸಿ ಪಾಡೂ ಇದೇ, ರೂಮೆನ್ ಅದನ್ನು ಉಳಿಸುವುದಿಲ್ಲ.

ಸಕ್ರಿಯ ಇದ್ದಿಲು ಕೀಟನಾಶಕ, ಸಸ್ಯವಿಷಗಳಂಥ ಸಾವಯವ ವಿಷಗಳಿಗೆ ಒಳ್ಳೆಯ ಮದ್ದು. ಲೋಹದ ಅಯಾನುಗಳನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಭಾರಲೋಹದ ಹೆಸರಿನಲ್ಲಿ ಇದನ್ನು ಕೊಳ್ಳಬೇಡಿ.

ಹ್ಯೂಮಿಕ್ ಆಮ್ಲದ ವಿಷಯದಲ್ಲಿ ನಾನು ಸ್ವಲ್ಪ ಮೃದು. ಅದರ ಕಾರ್ಬಾಕ್ಸಿಲ್ ಗುಂಪುಗಳು ಸೀಸವನ್ನು ಚೆನ್ನಾಗಿಯೇ ಹಿಡಿಯುತ್ತವೆ. ತೊಂದರೆ ಇರುವುದು ಮೂಲದಲ್ಲಿ. ಕಂದು ಕಲ್ಲಿದ್ದಲಿನಂಥ ಪದರಗಳಿಂದ ತೆಗೆಯುವ ವಸ್ತುವಾದ್ದರಿಂದ ಒಂದು ಗಣಿಯದ್ದು ಇನ್ನೊಂದರಂತೆ ಇರುವುದಿಲ್ಲ, ತನ್ನದೇ ಲೋಹವನ್ನೂ ಹೊತ್ತು ತರಬಹುದು. ಪ್ರತಿ ಕಂತಿನ ಪರೀಕ್ಷಾ ವರದಿ ಕೊಡುವ ತಯಾರಕರಿದ್ದರೆ ಮಾತ್ರ ಯೋಚಿಸಿ.

ವಿಟಮಿನ್ ಇ, ಬೆಳ್ಳುಳ್ಳಿ, ಅರಿಶಿನ ಮುಂತಾದವು ಬೇರೆಯದೇ ಸಾಲು. ಇವು ಲೋಹ ಒಳಗೆ ಹೋಗುವುದನ್ನು ತಡೆಯಲೆಂದು ಕೊಡುವಂಥವಲ್ಲ. ಒಳಗೆ ಹೋದದ್ದು ಕೋಶಗಳನ್ನು ಸುಡುವ ಆಕ್ಸಿಡೀಕರಣವನ್ನು ಕಡಿಮೆ ಮಾಡಲೆಂದು ಕೊಡುತ್ತಾರೆ. ವಿಟಮಿನ್ ಇ ಹಸುವಿನ ಆರೋಗ್ಯಕ್ಕೆ ನೆರವಾಗುತ್ತದೆ, ಹಾಲಿನಲ್ಲಿರುವ ಸೀಸದ ಅಂಕಿಯನ್ನು ಬದಲಿಸುತ್ತದೆ ಎಂದು ಎಣಿಸಬಾರದು. ಹಸು ಚುರುಕಾಗಿದೆ ಎಂಬ ಒಂದೇ ಕಾರಣಕ್ಕೆ ಆ ಹಾಲನ್ನು ಮಕ್ಕಳಿಗೆ ಕೊಡುವುದನ್ನು ಯೋಚಿಸಿದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಲೋಹದ ಹೆಸರು ಹಿಡಿದು ಆರಿಸುವುದು

ಸೀಸ ಎಂದು ವರದಿ ಹೇಳಿದರೆ ಕ್ಯಾಲ್ಸಿಯಂ, ರಂಜಕ ಸರಿಪಡಿಸುವುದು ಮೊದಲು. ಕರುಗಳಿಗೆ ಕಬ್ಬಿಣದ ಕೊರತೆ ಇದೆಯೇ ನೋಡುವುದು ಎರಡನೆಯದು. ಬೆಂಟೊನೈಟ್ ಮೂರನೆಯದು, ಅದೂ ತಾತ್ಕಾಲಿಕ.

ಕ್ಯಾಡ್ಮಿಯಂ ಆದರೆ ಸತು ಮತ್ತು ತಾಮ್ರದ ಸಮತೋಲನ. ಜೇಡಿಯಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಕ್ಯಾಡ್ಮಿಯಂ ಹಾಲಿಗೆ ಬಹಳ ಕಡಿಮೆ ಇಳಿಯುತ್ತದೆ, ಮೂತ್ರಪಿಂಡ ಮತ್ತು ಯಕೃತ್ತಿನಲ್ಲಿ ವರ್ಷಗಟ್ಟಲೆ ಕೂರುತ್ತದೆ. ಹಾಲಿನ ವರದಿ ಚೆನ್ನಾಗಿದೆ ಎಂದು ಈ ಲೋಹದ ವಿಷಯದಲ್ಲಿ ನೆಮ್ಮದಿಪಡುವಂತಿಲ್ಲ.

ಆರ್ಸೆನಿಕ್ ಆದರೆ ಮೊದಲು ನೀರಿನ ಕಡೆ ನೋಡಬೇಕು. ನೀರಿನಲ್ಲಿ ಆರ್ಸೆನಿಕ್ ಇರುವ ಎರಡು ರೂಪಗಳಾದ ಆರ್ಸೆನೇಟ್, ಆರ್ಸೆನೈಟ್‌ಗಳು ಧನ ಅಯಾನುಗಳಲ್ಲ, ಒಂದು ಋಣ ಆವೇಶದ್ದು, ಇನ್ನೊಂದು ರೂಮೆನ್‌ನ ಪಿಹೆಚ್‌ನಲ್ಲಿ ಆವೇಶವೇ ಇಲ್ಲದ್ದು. ಋಣ ಆವೇಶದ ಜೇಡಿ ಇವುಗಳನ್ನು ಹಿಡಿಯುವ ಆಸೆಯೇ ಬೇಡ. ಕೊಳವೆಬಾವಿಯ ಲೀಟರ್ ನೀರಿನಲ್ಲಿ 0.2 ಮಿಲಿಗ್ರಾಂ ಆರ್ಸೆನಿಕ್ ಇದ್ದು ಹಸು ದಿನಕ್ಕೆ 80 ಲೀಟರ್ ಕುಡಿದರೆ 16 ಮಿಲಿಗ್ರಾಂ ನೀರಿನಿಂದಲೇ ಒಳಗೆ ಹೋಯಿತು. ಮನುಷ್ಯರ ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂಥ ನೀರು ಹಾಯಿಸಿ ಬೆಳೆದ ಭತ್ತದ ಹುಲ್ಲಿನಲ್ಲಿ ಕಾಳಿಗಿಂತ ಹೆಚ್ಚು ಆರ್ಸೆನಿಕ್ ಇರುತ್ತದೆ. ನೀರಿನ ಮೂಲ ಬದಲಿಸುವುದು, ಅಥವಾ ಕಬ್ಬಿಣದ ಆಕ್ಸೈಡ್ ಇರುವ ಶೋಧಕದಿಂದ ಸೋಸುವುದು ಇಲ್ಲಿ ಯಾವ ಪೂರಕಕ್ಕಿಂತಲೂ ದೊಡ್ಡ ಕೆಲಸ. ಒಳ್ಳೆಯ ಸಂಗತಿಯೆಂದರೆ ಆರ್ಸೆನಿಕ್ ಗಂಜಲದಲ್ಲಿ ಬೇಗ ಹೊರಗೆ ಹೋಗುತ್ತದೆ. ಮೂಲ ನಿಂತರೆ ಬದಲಾವಣೆ ಬೇಗ ಕಾಣುತ್ತದೆ.

ಪಾದರಸ ಹಸುವಿನ ಹೊಟ್ಟೆ ಸೇರುವುದಕ್ಕೆ ಹೆಸರಾದ ದಾರಿ ಬಿತ್ತನೆಗೆಂದು ಪಾದರಸದ ಔಷಧ ಲೇಪಿಸಿದ ಕಾಳು. ಲೇಪಿಸಿದ ಬೀಜವನ್ನು ತೊಳೆದು ತಿನ್ನಿಸುವ ಯೋಚನೆಯನ್ನೂ ಮಾಡಬಾರದು. ಸೆಲೆನಿಯಂ ಅಗತ್ಯದ ಮಟ್ಟದಲ್ಲಿರಲಿ, ಉಳಿದದ್ದು ವೈದ್ಯರ ತೀರ್ಮಾನ.

ಮೇವು ಬದಲಿಸಿದರೆ ಎಷ್ಟು ಇಳಿಯುತ್ತದೆ

ಮತ್ತೆ ಆ 12 ಕಿಲೋ ಹಸುವಿಗೇ ಬರೋಣ. ಎಂಟು ಕಿಲೋ ಹುಲ್ಲಿನಲ್ಲಿ ಕಿಲೋಗೆ 6 ಮಿಲಿಗ್ರಾಂ, ನಾಲ್ಕು ಕಿಲೋ ಹಿಂಡಿಯಲ್ಲಿ ಕಿಲೋಗೆ 1 ಮಿಲಿಗ್ರಾಂ ಸೀಸ ಇದ್ದರೆ ದಿನಕ್ಕೆ 52 ಮಿಲಿಗ್ರಾಂ. ಹುಲ್ಲಿನಲ್ಲಿ ಅರ್ಧ ಭಾಗವನ್ನು ಕಿಲೋಗೆ 0.5 ಮಿಲಿಗ್ರಾಂ ಇರುವ ಬೇರೆ ಜಾಗದ ಹುಲ್ಲಿಗೆ ಬದಲಿಸಿದರೆ ಅದು 30ಕ್ಕೆ ಇಳಿಯುತ್ತದೆ. ಒಂದೇ ದಿನದಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಇಳಿಕೆ. ಹಸುವಿನಲ್ಲಿ ಇಷ್ಟನ್ನು ಖಾತರಿಯಾಗಿ ಮಾಡಿ ತೋರಿಸುವ ಪೂರಕವನ್ನು ನಾನು ಕಂಡಿಲ್ಲ. ಹುಲ್ಲನ್ನು ಮಣ್ಣು ಹತ್ತದಂತೆ ಸ್ವಲ್ಪ ಮೇಲಕ್ಕೆ ಕೊಯ್ಯುವುದು, ಮಳೆಗೆ ಕೆಸರೆದ್ದ ಹೊಲದಲ್ಲಿ ಮೇಯಲು ಬಿಡದಿರುವುದು ಇಂಥ ಸಣ್ಣ ಕೆಲಸಗಳಿಗೂ ಬೆಲೆಯಿದೆ, ಏಕೆಂದರೆ ಲೋಹದ ಒಂದು ದೊಡ್ಡ ಪಾಲು ಹುಲ್ಲಿಗೆ ಅಂಟಿದ ಮಣ್ಣಿನಲ್ಲೇ ಬರುತ್ತದೆ.

ಐರೋಪ್ಯ ಒಕ್ಕೂಟದ 2002ರ ನಿರ್ದೇಶನದ ಮಿತಿಗಳು ಹೋಲಿಕೆಗೆ ಅನುಕೂಲ. ನೂರಕ್ಕೆ 12 ತೇವಾಂಶದ ಲೆಕ್ಕದಲ್ಲಿ, ಪೂರ್ಣ ಆಹಾರದ ಕಿಲೋಗೆ ಸೀಸ 5 ಮಿಲಿಗ್ರಾಂ, ಆರ್ಸೆನಿಕ್ 2, ಪಾದರಸ 0.1, ದೊಡ್ಡ ಹಸುವಿಗೆ ಕ್ಯಾಡ್ಮಿಯಂ 1, ಕರುವಿಗೆ 0.5. ಹಸಿರು ಮೇವಿಗೆ ಮಾತ್ರ ಸೀಸದ ಮಿತಿ 30. ಹಾಲಿನಲ್ಲಿ ಸೀಸಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆಯಾದ ಕೋಡೆಕ್ಸ್ ಇಟ್ಟಿರುವ ಮಿತಿ ಕಿಲೋಗೆ 0.02 ಮಿಲಿಗ್ರಾಂ.

ಚೀಲ ಕೊಳ್ಳುವಾಗ

ಲೋಹ ತಡೆಯಲು ತಂದ ಪೂರಕದಲ್ಲೇ ಲೋಹ ಇರಬಹುದು. ಸತುವಿನ ಆಕ್ಸೈಡ್‌ನಲ್ಲಿ ಕ್ಯಾಡ್ಮಿಯಂ, ಶಿಲಾ ರಂಜಕದಿಂದ ತಯಾರಾದ ಕ್ಯಾಲ್ಸಿಯಂ ಫಾಸ್ಫೇಟ್‌ನಲ್ಲಿ ಕ್ಯಾಡ್ಮಿಯಂ ಮತ್ತು ಆರ್ಸೆನಿಕ್, ಮೂಳೆಪುಡಿಯಲ್ಲಿ ಸೀಸ, ಕಡಲಕಳೆಯಲ್ಲಿ ಆರ್ಸೆನಿಕ್. ಜೇಡಿಯಲ್ಲಿ ಲೋಹವಲ್ಲದ ಅಪಾಯವೂ ಅಡಗಿರಬಹುದು. 1997ರಲ್ಲಿ ಅಮೆರಿಕದಲ್ಲಿ ಪಶು ಆಹಾರಕ್ಕೆ ಬೆರೆಸಿದ ಒಂದು ಬಗೆಯ ಜೇಡಿಯಲ್ಲಿ ಡೈಆಕ್ಸಿನ್ ಎಂಬ ವಿಷ ರಾಸಾಯನಿಕ ಪತ್ತೆಯಾಗಿ, ಅದು ಕೋಳಿ ಮತ್ತು ಮೀನಿನವರೆಗೂ ತಲುಪಿತ್ತು. ಕಂತಿನ ಸಂಖ್ಯೆ ನಮೂದಿಸಿದ ಪರೀಕ್ಷಾ ವರದಿ ಕೇಳಿ. ಕೊಡದಿದ್ದರೆ ಕೊಳ್ಳಬೇಡಿ.

ಸಾಧನೆಯ ಅಂಕಿ ತೋರಿಸಿದರೆ ಮೂರು ಪ್ರಶ್ನೆ ಕೇಳಿ. ಪರೀಕ್ಷೆ ನಡೆದದ್ದು ನೀರಿನಲ್ಲೋ ರೂಮೆನ್‌ನ ರಸದಲ್ಲೋ? ನಾಲ್ಕನೆಯ ಹೊಟ್ಟೆಯ ಆಮ್ಲವನ್ನು ದಾಟಿಸಿ ನೋಡಿದ್ದಾರೆಯೇ? ಹಸುವಿನಲ್ಲಿ ಅಳೆದದ್ದು ರಕ್ತ, ಹಾಲು, ಯಕೃತ್ತನ್ನೋ ಅಥವಾ ಸಗಣಿಯನ್ನೋ? ಸಗಣಿಯ ಅಂಕಿ ಮೋಸ ಮಾಡುತ್ತದೆ. ಪೂರಕ ಇಲ್ಲದೆಯೂ ತಿಂದ ಸೀಸದಲ್ಲಿ ನೂರಕ್ಕೆ 98 ಪಾಲು ಸಗಣಿಯಲ್ಲೇ ಹೋಗುತ್ತಿತ್ತು. ಪೂರಕದಿಂದ ಅದು 99 ಆದರೆ ದೇಹ ಸೇರುವುದು ಅರ್ಧಕ್ಕೆ ಇಳಿದಂತೆ, ಆದರೂ ಸಗಣಿಯಲ್ಲಿ ಆ ವ್ಯತ್ಯಾಸ ಕಾಣಿಸುವುದೇ ಇಲ್ಲ. "ಸಗಣಿಯಲ್ಲಿ ಇಷ್ಟು ಸೀಸ ಹೊರಬಂತು" ಎಂಬ ಚಿತ್ರ ತೋರಿಸಿದರೆ ಅದರಿಂದ ಏನೂ ಸಾಬೀತಾಗಿಲ್ಲ.

ಕೊಟ್ಟ ಮೇಲೆ ಅಳೆಯುವುದು

ಪೂರಕ ಶುರು ಮಾಡುವ ಮೊದಲೇ ಒಂದು ಮಾದರಿ ತೆಗೆಯಬೇಕು. ಸೀಸಕ್ಕೆ ಇಡೀ ರಕ್ತ ಬೇಕು, ಸೀರಂ (ಕಣಗಳು ಬೇರ್ಪಟ್ಟ ಮೇಲೆ ಉಳಿಯುವ ತಿಳಿ) ಅಲ್ಲ, ಏಕೆಂದರೆ ರಕ್ತದ ಸೀಸ ಬಹುಪಾಲು ಕೆಂಪು ಕಣಗಳಲ್ಲಿ ಇರುತ್ತದೆ. ಹೆಪ್ಪುಗಟ್ಟದಂತೆ ತಡೆಯುವ ಕೊಳವೆಯಲ್ಲಿ ತೆಗೆದು, ಅದೇ ಹಸುಗಳಿಂದ ಎಂಟು ವಾರದ ನಂತರ ಮತ್ತೆ ತೆಗೆಯಿರಿ. ರಕ್ತದಿಂದ ಸೀಸ ಇಳಿಯಲು ವಾರಗಳಿಂದ ತಿಂಗಳುಗಳೇ ಬೇಕಾಗುವುದರಿಂದ ಹತ್ತು ದಿನಕ್ಕೆ ನೋಡಿ ನಿರಾಶರಾಗುವುದೂ ಹಿಗ್ಗುವುದೂ ಬೇಡ. ಆರ್ಸೆನಿಕ್‌ಗೆ ಗಂಜಲದ ಮಾದರಿ. ಹಾಲು ಮಾರುತ್ತಿದ್ದರೆ ಎರಡೂ ಸಲ ಹಾಲಿನ ಮಾದರಿಯೂ ಇರಲಿ, ಮಿತಿ ಮೀರಿದ ಹಾಲನ್ನು ವರದಿ ಸರಿಯಾಗುವವರೆಗೆ ಬೇರೆ ಇಡಬೇಕು. ಅದನ್ನು ಕರುಗಳಿಗೂ ಕುಡಿಸಬಾರದು, ಅವುಗಳ ಹೀರಿಕೆ ತಾಯಿಗಿಂತ ಎಷ್ಟೋ ಪಟ್ಟು ಹೆಚ್ಚು.

ಕ್ಯಾಡ್ಮಿಯಂ ಮಾತ್ರ ಬದುಕಿರುವ ಹಸುವಿನಲ್ಲಿ ಸರಿಯಾಗಿ ಅಳೆಯಲು ಸಿಗುವುದಿಲ್ಲ. ಹಿಂಡಿನಲ್ಲಿ ವಯಸ್ಸಾದ ಹಸು ಸತ್ತರೆ ಮರಣೋತ್ತರ ಪರೀಕ್ಷೆಯಲ್ಲಿ ಮೂತ್ರಪಿಂಡದ ಹೊರಪದರದ ಒಂದು ತುಂಡು ತೆಗೆದಿಡಲು ವೈದ್ಯರಿಗೆ ಹೇಳಿ. ಆ ಹೊಲದಲ್ಲಿ ಹತ್ತು ವರ್ಷ ಮೇಯ್ದ ಹುಲ್ಲಿನ ಲೆಕ್ಕ ಅದರಲ್ಲಿ ಸಿಗುತ್ತದೆ.